ಮೂರನೇ ವರ್ಷಕ್ಕೆ ಸಿಕ್ಕ ಪೋಸ್ಟ್‌ಡಾಕ್: ನನ್ನ ಅನುಭವ

ಬೌದ್ಧ ಮಿನಿಸ್ಟ್ರಿಯಲ್ಲಿ, ಅಂದರೆ ಬೌದ್ಧ ನೆಲೆಯಲ್ಲಿ ರೋಗಿಗಳ, ಸಾಯುತ್ತಿರುವವರ ಆರೈಕೆ ಕಲಿಸುವ ವಿಷಯದಲ್ಲಿ, ನನಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನೆಯ ಕೆಲಸ) ಸಿಕ್ಕಿದೆ. ಎರಡು ವರ್ಷದ್ದು, ಅಮೆರಿಕದ ಒಂದು ಡಿವಿನಿಟಿ ಸ್ಕೂಲಿನಲ್ಲಿ, ಅಂದರೆ ಧರ್ಮಶಾಸ್ತ್ರ ಕಲಿಸುವ ಕಡೆ. ಸೆಮಿಸ್ಟರಿಗೆ ಒಂದು ಕೋರ್ಸ್ ಪಾಠ ಮಾಡಬೇಕು, ಉಳಿದ ಹೊತ್ತು ಸಂಶೋಧನೆ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಕೂತು, ಎಂ.ಡಿವ್ (ಡಿವಿನಿಟಿಯ ಸ್ನಾತಕೋತ್ತರ ಪದವಿ) ಇಲ್ಲದೆ, ಆಸ್ಪತ್ರೆ ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಇದು ಆಗೋದೇ ಇಲ್ಲ ಅಂದವರು ಒಬ್ಬಿಬ್ಬರಲ್ಲ. ಆಯಿತು. ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಪಿಎಚ್‌ಡಿ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಬೌದ್ಧ ಶಾಸನಗಳ ಮೇಲೆ. 1065ರಲ್ಲಿ ರೂಪಭಟ್ಟಯ್ಯ ಕಟ್ಟಿಸಿದ ವಿಹಾರ, ತಾರಾ ಭಗವತಿಯ ಮೂರ್ತಿ, ಇವನ್ನೇ ಇಪ್ಪತ್ತೈದು ಪುಟ ಮಾಡಿ ಮೊದಲ ವರ್ಷ ಹನ್ನೊಂದು ಕಡೆ ಕಳಿಸಿದೆ. ನಾಲ್ಕು ಕಡೆಯಿಂದ ‘ಇಲ್ಲ’ ಅಂತ ಬಂತು. ಉಳಿದ ಏಳು ಕಡೆಯಿಂದ ಏನೂ ಬರಲಿಲ್ಲ.

ಖರ್ಚು ಮಾತ್ರ ಸರಿಯಾಗಿ ಬಂತು. ಶಿಫಾರಸು ಪತ್ರ ಇಡುವ ಆನ್‌ಲೈನ್ ಸೇವೆಗೆ ವರ್ಷಕ್ಕೆ ಐವತ್ತು ಅರವತ್ತು ಡಾಲರ್. ಡಿಗ್ರಿ ಮೌಲ್ಯಮಾಪನಕ್ಕೆ ಇನ್ನೂರರ ಹತ್ತಿರ. ಅಂಕಪಟ್ಟಿ, ಕೊರಿಯರ್, ಓಡಾಟ ಎಲ್ಲ ಸೇರಿ ಮೂವತ್ತೆಂಟು ಸಾವಿರ ದಾಟಿತು. ಆ ವರ್ಷ ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಐದು ತಿಂಗಳು ಸಂಬಳ ಆಗಿರಲಿಲ್ಲ. ಅಪ್ಪಯ್ಯ ಒಂದು ಕ್ವಿಂಟಾಲ್ ಅಡಿಕೆ (ರಾಶಿ ಇಡಿ) ಮಂಡಿಗೆ ಹಾಕಿ ದುಡ್ಡು ಕೊಟ್ಟರು. ಆಗ ರೇಟು ನಲವತ್ತಾರು ನಲವತ್ತೇಳು ಸಾವಿರ ಇತ್ತು.

ಎರಡನೇ ವರ್ಷ ಒಂಬತ್ತು ಅರ್ಜಿ, ಒಂದೇ ಒಂದು ಸಂದರ್ಶನ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ರಾತ್ರಿ ಹತ್ತಕ್ಕೆ ಗುಡ್ಡದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ವಿದ್ಯಾರ್ಥಿ ಮುಂದಿನ ವಾರ ಸಾಯುತ್ತಿರುವ ಒಬ್ಬರ ಪಕ್ಕ ಕೂರಬೇಕು, ಆ ವಿದ್ಯಾರ್ಥಿಗೆ ನೀವು ಏನು ಕಲಿಸಿ ಕಳಿಸುತ್ತೀರಿ? ನಾನು ಶಾಸನದ ಕಥೆ ಹೇಳಿದೆ. ಹೇಳುತ್ತಿರುವಾಗಲೇ ಗೊತ್ತಾಯಿತು, ಕೈ ಬಿಟ್ಟುಹೋಯಿತು ಅಂತ.

ಅಲ್ಲಿಂದ ದಾರಿ ಬದಲಿಸಿದೆ. ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತು ಧೈರ್ಯ ತುಂಬುವವರಿಗೆ ಚಾಪ್ಲೆನ್ ಅಂತಾರೆ. ಅಮೆರಿಕದಲ್ಲಿ ಚಾಪ್ಲೆನ್ ತರಬೇತಿಯ ಒಂದು ಯೂನಿಟ್ ಅಂದರೆ 400 ಗಂಟೆ. ಬೋರ್ಡ್ ಸರ್ಟಿಫಿಕೇಟಿಗೆ ಅಂಥ ನಾಲ್ಕು ಯೂನಿಟ್ ಬೇಕು. ನಮ್ಮ ಕಡೆ ಅದನ್ನು ಕೊಡುವವರು ನನಗೆ ಸಿಗಲಿಲ್ಲ. ಹಾಗಾಗಿ ಆ 400 ಗಂಟೆ ನಾನೇ ಕೂರುತ್ತೇನೆ, ನಾನೇ ಬರೆಯುತ್ತೇನೆ ಅಂತ ತೀರ್ಮಾನಿಸಿದೆ.

ಮೊದಲು ಹೋದ ಆಸ್ಪತ್ರೆಯಲ್ಲಿ ಎರಡೇ ವಾರ. ಬುದ್ಧನ ಹೆಸರು ಹೇಳಿದ್ದೇ ತಪ್ಪಾಯಿತು. ಮತಾಂತರಕ್ಕೆ ಬಂದಿದ್ದಾನೆ ಅಂತ ಯಾರೋ ದೂರು ಕೊಟ್ಟರು, ಹೊರಗೆ ಕಳಿಸಿದರು. ಆಮೇಲೆ ಮನೆ ಮನೆಗೆ ಹೋಗುವ ನರ್ಸ್ ಒಬ್ಬರ ಜೊತೆ ಸೇರಿಕೊಂಡೆ. ಬುದ್ಧ, ಧರ್ಮ, ಧ್ಯಾನ ಈ ಮೂರು ಪದ ರೋಗಿಯ ಮುಂದೆ ಬಾಯಿಗೆ ತರಲಿಲ್ಲ. ಅವರು ಕೇಳಿದರೆ ಮಾತ್ರ ಹೇಳುತ್ತಿದ್ದೆ. ಹದಿನಾಲ್ಕು ತಿಂಗಳಲ್ಲಿ ಸುಮಾರು 430 ಗಂಟೆ, ಅರವತ್ತು ಚಿಲ್ಲರೆ ಜನ. ಬೈಕಿನ ಪೆಟ್ರೋಲಿಗೇ ಇಪ್ಪತ್ತು ಸಾವಿರದ ಮೇಲೆ ಹೋಯಿತು.

ಪ್ರತಿ ರಾತ್ರಿ ಆ ದಿನದ ಮಾತುಕತೆಯನ್ನು ನೆನಪಿದ್ದ ಹಾಗೆ, ಮಾತಿಗೆ ಮಾತು, ಬರೆದಿಟ್ಟೆ. ಚಾಪ್ಲೆನ್ ತರಬೇತಿಯಲ್ಲಿ ಇದಕ್ಕೆ ವರ್ಬೇಟಿಮ್ ಅಂತಾರೆ. ಹಾಸಿಗೆ ಹಿಡಿದ ಅಡಿಕೆ ಬೆಳೆಗಾರರೊಬ್ಬರ ಜೊತೆ ಆಡಿದ್ದು, ಒಂದು ತುಣುಕು ಇಲ್ಲಿದೆ. ಮೊದಲ ಮಾತು ನನ್ನದು.

‘ಏನ್ ಯೋಚ್ನೆ ಮಾಡ್ತಿದೀರಿ ಗೌಡ್ರೇ?’

‘ಮಳೆ ಹಿಡೀತು ಮಾರಾಯ. ಕೊಳೆ ಔಷಧಿ ಹೊಡ್ಸಿಲ್ಲ.’

‘ಯಾರು ಹೊಡಿಸ್ತಾರೆ ಅಂತಲಾ?’

‘ಮಗ ಬೆಂಗ್ಳೂರಲ್ಲಿ. ಸುಣ್ಣ ಎಷ್ಟು, ಮೈಲುತುತ್ತ ಎಷ್ಟು, ಅವ್ನಿಗೆ ಗೊತ್ತಿಲ್ಲ.’

‘ನಂಗೆ ಹೇಳಿ, ಬರ್ಕೊಳ್ತೀನಿ.’

ಹೇಳಿದರು. ಅಡಿಕೆಯ ಕೊಳೆ ರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಯಾವ ಮೂಲೆಯಿಂದ ಶುರು ಮಾಡಬೇಕು ಅನ್ನೋದನ್ನೂ ಹೇಳಿದರು. ಅವರ ಎದುರಿಗೇ ಮಗನಿಗೆ ಫೋಟೊ ಕಳಿಸಿದೆ. ಆ ರಾತ್ರಿ ಅವರು ನಿದ್ದೆ ಮಾಡಿದರು ಅಂತ ಮರುದಿನ ಹೆಂಡತಿ ಹೇಳಿದರು. ಹತ್ತು ದಿನಕ್ಕೆ ಗೌಡರು ತೀರಿಕೊಂಡರು.

ಪಾಲಿ ಗ್ರಂಥ ಸಂಯುತ್ತ ನಿಕಾಯದ ಗಿಲಾನ ಸುತ್ತದಲ್ಲಿ (ರೋಗಿಯ ಬಗೆಗಿನ ಉಪದೇಶ) ಗೃಹಸ್ಥ ಶಿಷ್ಯ ಮಹಾನಾಮ ಬುದ್ಧನನ್ನು ಕೇಳುವುದು ಇದನ್ನೇ. ಕಾಯಿಲೆ ಬಿದ್ದ ಗೃಹಸ್ಥನಿಗೆ ಇನ್ನೊಬ್ಬ ಗೃಹಸ್ಥ ಏನು ಹೇಳಬೇಕು? ಮೊದಲು ಧೈರ್ಯ ಹೇಳು. ಆಮೇಲೆ ಅಪ್ಪ ಅಮ್ಮನ ಚಿಂತೆ ಇದೆಯಾ ಕೇಳು, ಆಮೇಲೆ ಹೆಂಡತಿ ಮಕ್ಕಳ ಚಿಂತೆ. ಒಂದೊಂದಾಗಿ ಬಿಡಿಸುತ್ತಾ ಹೋಗು. ನಮ್ಮ ಮಲೆನಾಡಿನಲ್ಲಿ ತೋಟದ ಚಿಂತೆ ಇವೆಲ್ಲಕ್ಕಿಂತ ಮೊದಲು ಬರುತ್ತದೆ. ಅದನ್ನು ಬಿಡಿಸದೆ ಮುಂದಿನ ಪ್ರಶ್ನೆಗೆ ಹೋಗುವ ಹಾಗಿಲ್ಲ. ಮೂರನೇ ವರ್ಷದ ನನ್ನ ಇಡೀ ಅರ್ಜಿ ನಿಂತಿದ್ದು ಈ ಒಂದು ಮಾತಿನ ಮೇಲೆ.

ಇಂಥ ಆರು ಮಾತುಕತೆ ಆರಿಸಿ, ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್ ಹಾಕಿ ಬರವಣಿಗೆಯ ಮಾದರಿಯಾಗಿ ಕಳಿಸಿದೆ. ಇದು ಸಂಶೋಧನೆಯೇ ಅಲ್ಲ, ಅಡಿಟಿಪ್ಪಣಿ ಎಲ್ಲಿ, ಅಂತ ಹಿರಿಯರೊಬ್ಬರು ಕೇಳಿದರು. ಕಮಿಟಿಯವರು ಸಂದರ್ಶನದ ಮುಕ್ಕಾಲು ಭಾಗ ಆ ಪುಟಗಳ ಬಗ್ಗೆಯೇ ಮಾತಾಡಿದರು. ಆರನ್ನೂ ಯಾವ ಕ್ರಮದಲ್ಲಿ ಜೋಡಿಸಿದೆ, ಹೊಸ ಮನೆಗೆ ಹೋದಾಗ ಮೊದಲ ಮಾತು ಏನು ಆಡುತ್ತಿದ್ದೆ, ಇವೆರಡನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಳೆಯ ಪಿಎಚ್‌ಡಿ ಸುಮ್ನೆ ಹೋಗಲಿಲ್ಲ. ಬಳ್ಳಿಗಾವಿಯಲ್ಲೇ ಕೋಡಿಯ ಮಠದ 1162ರ ಶಾಸನ ಒಂದಿದೆ. ಕಾಳಾಮುಖ ಶೈವರ ಮಠ. ಅಲ್ಲಿ ಬೌದ್ಧ ದರ್ಶನದ ಪಾಠವೂ ಇತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧಿಯೂ ಇತ್ತು. ಪಾಠ ಮತ್ತು ಆರೈಕೆ ಒಂದೇ ಅಂಗಳದಲ್ಲಿ. ಅದನ್ನೇ ನನ್ನ ಕೋರ್ಸಿನ ಮೂರನೇ ವಾರಕ್ಕೆ ಇಟ್ಟೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಮುಂಡಗೋಡಿನ ಟಿಬೆಟನ್ ಶಿಬಿರಕ್ಕೆ ಮೂರು ಸಲ ಹೋದೆ. ಡ್ರೆಪುಂಗ್, ಗಾಂದೆನ್ ಮಠಗಳು ಇರುವುದು ಅಲ್ಲೇ. ಸಾವಿನ ಹೊತ್ತಿನ ಪಾಠಗಳ ಬಗ್ಗೆ ತುಂಬಾ ಪ್ರೀತಿಯಿಂದ ಹೇಳಿಕೊಟ್ಟರು, ಆದರೆ ನಮ್ಮ ಕಡೆಯ ರಿಪ್ಪನ್‌ಪೇಟೆಯ ಮನೆಯೊಂದರಲ್ಲಿ ಅದನ್ನು ಹೇಗೆ ಹೇಳುವುದು ಅಂತ ನನಗೆ ಹೊಳೆಯಲಿಲ್ಲ. ಇನ್ನೊಂದು, ಎಲ್ಲರಿಗೂ ಒಳಿತು ಬಯಸುವ ಮೆತ್ತ ಸುತ್ತವನ್ನು ನಮ್ಮ ಆಡುಮಾತಿಗೆ ತಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ರೋಗಿಯ ಮನೆಯವರಿಗೆ ಕೇಳಿಸಿದೆ. ಇಪ್ಪತ್ತು ಜನರಲ್ಲಿ ಹೆಚ್ಚಿನವರು ನಿದ್ದೆ ಬಂತು ಅಂದರು. ಮೂರು ರಾತ್ರಿ ಕಣ್ಣು ಮುಚ್ಚದವರಿಗೆ ಅದೇ ಬೇಕಿತ್ತು. ಈಗಲೂ ಕೇಳಿಸುತ್ತೇನೆ.

ಮೂರನೇ ವರ್ಷ ನಾಲ್ಕೇ ಅರ್ಜಿ. ಸಂದರ್ಶನಕ್ಕೆ ಶಿವಮೊಗ್ಗದಲ್ಲಿ ಲಾಡ್ಜ್ ರೂಮ್ ಹಿಡಿದೆ, 1,200 ರೂಪಾಯಿ. ಅದಕ್ಕಿಂತ ಚೆನ್ನಾಗಿ ಖರ್ಚಾದ ದುಡ್ಡು ಇಲ್ಲ. ವಿನಿಮಯ ವಿದ್ವಾಂಸರಿಗೆ ಕೊಡುವ ಜೆ-1 ವೀಸಾಕ್ಕೆ ಆಗ 185 ಡಾಲರ್, ಸೆವಿಸ್ ಎಂಬ ನೋಂದಣಿಗೆ 220, ಎರಡೂ ಸೇರಿ ನಮ್ಮ ಲೆಕ್ಕದಲ್ಲಿ ಮೂವತ್ತೈದು ಸಾವಿರದ ಹತ್ತಿರ ಆಯಿತು. ಚೆನ್ನೈ ಓಡಾಟ ಬೇರೆ.

ಕಣ್ಣಿಡಬೇಕಾದ ಜಾಗಗಳು ಇವು. 2011ರಲ್ಲಿ ಬೌದ್ಧ ಮಿನಿಸ್ಟ್ರಿ ಶುರು ಮಾಡಿದ ಹಾರ್ವರ್ಡ್ ಡಿವಿನಿಟಿ ಸ್ಕೂಲ್, ಬರ್ಕ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಬುದ್ಧಿಸ್ಟ್ ಸ್ಟಡೀಸ್, ಕೊಲರಾಡೊದ ನರೋಪ ವಿಶ್ವವಿದ್ಯಾಲಯ. 2011ರ ಸುನಾಮಿ ಆದಮೇಲೆ ಜಪಾನಿನ ತೊಹೊಕು ವಿಶ್ವವಿದ್ಯಾಲಯವೂ ಈ ಕೆಲಸಕ್ಕೆ ಇಳಿದಿದೆ. ಜಾಸ್ತಿ ಜಾಹೀರಾತು ಬರುವುದು ಸೆಪ್ಟೆಂಬರಿನಿಂದ ಜನವರಿಯವರೆಗೆ. ಅಡಿಕೆ ಕೊಯ್ಲೂ ಆಗಲೇ. ಶಿಫಾರಸು ಪತ್ರಗಳನ್ನು ಮಳೆಗಾಲದಲ್ಲೇ ಕೇಳಿಟ್ಟುಕೊಳ್ಳಿ.

ಗೌಡರ ಮಾತುಕತೆಯನ್ನು ಪಾಠಕ್ಕೆ ಬಳಸಲಾ ಅಂತ ಅವರ ಹೆಂಡತಿಯನ್ನು ಕೇಳಿದೆ. ‘ಹೆಸ್ರು ಹಾಕಿದ್ರೂ ಅಡ್ಡಿಲ್ಲ’ ಅಂದರು. ಆದರೂ ಗುರುತು ಸಿಗದ ಹಾಗೆ ಮಾಡಿದ್ದೇನೆ. ಮಗ ಈ ವರ್ಷ ತಾನೇ ಬಂದು ಔಷಧಿ ಹೊಡೆಸಿದ. ನಾನು ಆಗಸ್ಟ್ ಕೊನೆಗೆ ಹೊರಡಬೇಕು. ಅಷ್ಟರಲ್ಲಿ ನಮ್ಮ ತೋಟಕ್ಕೂ ಎರಡನೇ ಸುತ್ತು ಮುಗಿಸಬೇಕು.