ಮಗಳ ಕೈಗೆ ಮೊದಲು ಕೊಟ್ಟದ್ದು ಬರೀ ಕೋಲು

ನಾನು 12 ವರ್ಷದಿಂದ ಜಿಮ್‌ಗೆ ಹೋಗುವವನು. ಆದರೂ 14 ವರ್ಷದ ಮಗಳು ಬಂದು "ಅಪ್ಪಾ, ನನಗೂ ವೇಟ್ಸ್ ಕಲಿಸ್ತೀಯಾ?" ಅಂದಾಗ ತಡವರಿಸಿದೆ. ಪಕ್ಕದಲ್ಲೇ ಇದ್ದ ನನ್ನಮ್ಮ "ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಎತ್ತರ ಬೆಳೆಯಲ್ಲ ಕಣೋ" ಅಂದುಬಿಟ್ಟರು. "ಸ್ಕೂಲ್ ಬ್ಯಾಗ್ ದಿನಾ ಹೊರ್ತೀನಲ್ಲ ಅಜ್ಜಿ, ಅದಕ್ಕೇನಂತೀಯ?" ಅಂದಳು ಮಗಳು.

ಅಮ್ಮನ ಭಯ ಪೂರ್ತಿ ಸುಳ್ಳೇನಲ್ಲ. ಈ ವಯಸ್ಸಿನಲ್ಲಿ ಮೂಳೆಗಳ ತುದಿಯ ಹತ್ತಿರ ಇನ್ನೂ ಬೆಳೆಯುತ್ತಿರುವ ಮೆದು ಭಾಗ ಇರುತ್ತದೆ, ಅದಕ್ಕೆ ಪೆಟ್ಟಾಗಬಾರದು. ಆದರೆ ಪೆಟ್ಟಾಗುವುದು ತಪ್ಪಾಗಿ ಎತ್ತಿದಾಗ, ಶಕ್ತಿ ಮೀರಿ ಎತ್ತಿದಾಗ, ನೋಡಿಕೊಳ್ಳುವವರು ಇಲ್ಲದಾಗ. ಸರಿಯಾಗಿ ಕಲಿಸಿದರೆ ಎತ್ತರಕ್ಕೆ ಏನೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ, 5ರಿಂದ 17 ವರ್ಷದವರು ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥ ಚಟುವಟಿಕೆಯನ್ನು ವಾರಕ್ಕೆ ಕನಿಷ್ಠ 3 ದಿನ ಮಾಡಲಿ ಅಂದಿದೆ.

ಮೊದಲ ಮೂರು ವಾರ ತೂಕವೇ ಇಲ್ಲ. ಒಂದು ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಸಿದೆ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಈ ಮೂರೂ ಕಡೆ ಕೋಲು ತಾಗಿರಬೇಕು, ಹಾಗೇ ಮುಂದಕ್ಕೆ ಬಾಗಬೇಕು. "ಸೊಂಟ ಹಿಂದಕ್ಕೆ, ಎದೆ ಮೇಲೆ, ಬೆನ್ನು ನೇರ" ಅಂತ ಒಂದೇ ಉಸಿರಿಗೆ ಹೇಳಿದೆ. ಕಂಬದ ಹಾಗೆ ನಿಂತಳು. ಆಮೇಲೆ "ಎರಡೂ ಕೈಯಲ್ಲಿ ಸಾಮಾನಿದೆ, ಕಾರಿನ ಬಾಗಿಲನ್ನ ಸೊಂಟದ ಹಿಂಭಾಗದಿಂದ ತಳ್ಳಿ ಮುಚ್ಚು" ಅಂದೆ. ತಕ್ಷಣ ಸರಿಯಾಗಿ ಬಂತು! ಸ್ಕ್ವಾಟ್‌ಗೆ, ಅಂದರೆ ಕೂತು ಏಳುವುದಕ್ಕೆ, ಹಿಂದೆ ಕುರ್ಚಿ. ಪುಶಪ್‌ಗೆ ಮೇಜಿನ ಅಂಚು.

ಆಮೇಲೆ 4 ಕೆಜಿ ಡಂಬೆಲ್. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, 10ರಿಂದ 15 ರೆಪ್‌ನ ಎರಡು ಸೆಟ್. ಒಂದು ಸಲ ಮಾಡಿದರೆ ಒಂದು ರೆಪ್, ನಿಲ್ಲದೆ ಮಾಡಿದ ಅಷ್ಟೂ ರೆಪ್ ಸೇರಿ ಒಂದು ಸೆಟ್. ಇನ್ನೂ ಎರಡು ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸಬೇಕು. 15 ನೀಟಾಗಿ ಬಂದರೆ ಮುಂದಿನ ಸಲ ಒಂದು ಕೆಜಿ ಜಾಸ್ತಿ. ಎರಡು ತಿಂಗಳಿಗೆ 8 ಕೆಜಿಗೆ ಬಂದಳು. ಕನ್ನಡಿಯಲ್ಲಿ ಮಾತ್ರ ಏನೂ ಕಾಣುತ್ತಿಲ್ಲ ಅಂತ ಬೇಜಾರು. ಶುರುವಿನ ಶಕ್ತಿ ಬಹುಪಾಲು ನರಗಳು ಸ್ನಾಯುಗಳನ್ನು ಬಳಸಲು ಕಲಿತದ್ದರಿಂದ ಬರುತ್ತದೆ, ಗಾತ್ರ ಆಮೇಲಿನದು ಅಂತ ವಿವರಿಸಿದೆ. ಅರ್ಧ ನಂಬಿದಳು.

ತಪ್ಪು ಮಾಡಿದ್ದು ನಾನೇ. ಒಂದು ದಿನ ಹುಮ್ಮಸ್ಸಿನಲ್ಲಿ 8 ಇದ್ದದ್ದನ್ನು ಒಮ್ಮೆಗೇ 12 ಮಾಡಿ, ಮೊಬೈಲ್ ಹಿಡಿದು ನಿಂತೆ. ಮೂರನೇ ಸ್ಕ್ವಾಟ್‌ಗೇ ಮೊಣಕಾಲು ಒಳಕ್ಕೆ ವಾಲಿತು, ಉಸಿರು ಕಟ್ಟಿ ಮುಖ ಕೆಂಪಾಯಿತು. ಡಂಬೆಲ್ ಕೆಳಗಿಟ್ಟು "ನಿನ್ನ ಫ್ರೆಂಡ್ಸ್‌ಗೆ ತೋರಿಸೋಕಾ ಅಪ್ಪಾ?" ಅಂದಳು. ವಿಡಿಯೊ ಅಳಿಸಿದೆ. ಮತ್ತೆ 8ಕ್ಕೇ ಹೋದೆವು.

ಊಟದ ವಿಷಯದಲ್ಲೂ ಎಡವಿದೆ. ಫ್ರಿಡ್ಜ್ ಬಾಗಿಲಿಗೆ ಚಾರ್ಟ್ ಅಂಟಿಸಿದ್ದೆ. ಒಂದೇ ವಾರದಲ್ಲಿ ನನ್ನೆದುರು ಕಡಿಮೆ ತಿನ್ನೋದು, ರೂಮಿನಲ್ಲಿ ಚಿಪ್ಸ್ ತಿನ್ನೋದು ಶುರುವಾಯಿತು. ಚಾರ್ಟ್ ಕಿತ್ತೆ, ತೂಕ ನೋಡುವ ಮೆಷಿನ್ ಬೀರುವಿನ ಮೇಲೆ ಹೋಯಿತು. 'ದಪ್ಪ', 'ಸಣ್ಣ' ಅನ್ನೋ ಮಾತು ಮನೆಯಲ್ಲಿ ಬಿಟ್ಟೆವು. ಈಗ ಬೆಳಗ್ಗೆ ಮೊಟ್ಟೆ ಅಥವಾ ಕಾಳು ಇದ್ದೇ ಇರುತ್ತದೆ, ಹಣ್ಣು ಹೆಚ್ಚಿ ಕೈಗೆಟುಕುವಲ್ಲಿ ಇಡುತ್ತೇವೆ. ಅಷ್ಟೇ. ಹಸಿವಾದರೆ ಅವಳೇ ತಿನ್ನುತ್ತಾಳೆ.

ಪ್ರೋಟೀನ್ ಪೌಡರ್ ಬೇಕು ಅಂದಾಗ ಬೇಡ ಅನ್ನಲಿಲ್ಲ, ಕೂತು ಲೆಕ್ಕ ಹಾಕಿದೆವು. 48 ಕೆಜಿಯ ಅವಳಿಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಧಾರಾಳ. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ. ಹಾಲು, ಮೊಸರು, ಬೇಳೆ, ಕಡಲೆಕಾಯಿ ಎಲ್ಲ ಸೇರಿಸಿದರೆ ಡಬ್ಬಿಗೆ ಜಾಗವೇ ಉಳಿಯಲಿಲ್ಲ. ಶಕ್ತಿ ಹೆಚ್ಚಲಿ ಅಂತ ಜಿಮ್‌ನವರು ತಗೊಳ್ಳುವ ಕ್ರಿಯೇಟಿನ್ ಪುಡಿ, ಎನರ್ಜಿ ಡ್ರಿಂಕ್ ಮಾತ್ರ 18 ತುಂಬುವವರೆಗೆ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ದೇನೆ.

ಉಳಿದಿರುವುದು ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಅದರಲ್ಲಿ ನಾನಿನ್ನೂ ಗೆದ್ದಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೂ ಅವಳ ರೂಮಿನ ಬಾಗಿಲ ಸಂದಿಯಲ್ಲಿ ಮೊಬೈಲ್ ಬೆಳಕು ಕಾಣುತ್ತಿತ್ತು.