ಬ್ರಿಟನ್‌ಗೆ ಹೋಗಿ ಚಟ್ನಿಪುಡಿ ಮಾರುವ ಮೊದಲು: ಹಾಸನ, ಚಿಕ್ಕಮಗಳೂರಿನ ಹೊಸಬರಿಗೆ

ಈ ಸಲ ರಜೆಗೆ ಹಾಸನಕ್ಕೆ ಬಂದಾಗ ಮೂರು ಮನೆಗಳಲ್ಲಿ ಒಂದೇ ಮಾತು ಕೇಳಿದೆ. ಮಗಳು ಓದಲು ಬ್ರಿಟನ್‌ಗೆ ಹೊರಟಿದ್ದಾಳೆ, ಅಲ್ಲಿರುವ ನಮ್ಮವರಿಗೇ ಚಟ್ನಿಪುಡಿ, ಅಕ್ಕಿ ರೊಟ್ಟಿ ಮಾಡಿಕೊಟ್ಟು ಖರ್ಚಿಗೆ ದಾರಿ ಮಾಡಿಕೊಳ್ಳುತ್ತಾಳೆ ಅಂತ. ಈ 'ನಮ್ಮವರಿಗೇ ಅಲ್ವಾ' ಅನ್ನುವುದೇ ನನಗೆ ಭಯ. ದುಡ್ಡು ತಗೊಂಡರೆ ಅಲ್ಲಿ ಅದು ವ್ಯಾಪಾರವೇ.

ಮೊದಲು ವೀಸಾ ನೋಡಿ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಡಿಗ್ರಿ ಓದುವವರಿಗೆ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸಕ್ಕೆ ಅವಕಾಶ ಇದೆ, ಆದರೆ ಅದು ಬೇರೆಯವರ ಹತ್ತಿರ ಸಂಬಳಕ್ಕೆ ಮಾಡುವ ಕೆಲಸ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಸಿಕ್ಕ ಮೇಲೆ ಧೈರ್ಯವಾಗಿ ಶುರು ಮಾಡಿ. ಗಂಡನ ಕೆಲಸದ ವೀಸಾ ಮೇಲೆ ಡಿಪೆಂಡೆಂಟ್ ಆಗಿ ಬಂದ ಅಕ್ಕತಂಗಿಯರೂ ಮಾಡಬಹುದು.

ತಿಂಡಿ ವ್ಯಾಪಾರಕ್ಕೆ, ಮನೆಯಿಂದಲೇ ಆದರೂ, ಶುರು ಮಾಡುವ 28 ದಿನ ಮೊದಲೇ ಅಲ್ಲಿನ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಥರ. ದುಡ್ಡು ಕಟ್ಟಬೇಕಿಲ್ಲ, ಆಗಲ್ಲ ಅಂತಲೂ ಅವರು ಹೇಳುವುದಿಲ್ಲ.

ನಮ್ಮವರು ಜಾಸ್ತಿ ಎಡವುವುದು ಅಲರ್ಜಿ ವಿಷಯದಲ್ಲಿ. ಹೇಳಲೇಬೇಕಾದ 14 ಪದಾರ್ಥಗಳ ಪಟ್ಟಿ ಇದೆ. ಅದರಲ್ಲಿ ಸಾಸಿವೆ ಇದೆ, ಎಳ್ಳು ಇದೆ, ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಎಲ್ಲಾ ಇವೆ. ಅಂದರೆ ನಮ್ಮ ಒಂದು ಒಗ್ಗರಣೆಯೇ ಆ ಪಟ್ಟಿಗೆ ಬಂತು. ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ, ಎಷ್ಟೋ ಕಂಪನಿಗಳ ಇಂಗಿನಲ್ಲಿ ಗೋಧಿಹಿಟ್ಟು ಸೇರಿರುತ್ತದೆ. 2016ರಲ್ಲಿ ನತಾಶಾ ಅನ್ನುವ 15 ವರ್ಷದ ಹುಡುಗಿ, ಎಳ್ಳು ಇದೆ ಅಂತ ಬರೆಯದ ಬ್ರೆಡ್ ತಿಂದು ತೀರಿಕೊಂಡಳು. ಅವಳ ಹೆಸರಲ್ಲೇ ಕರೆಯುವ ಕಾನೂನು 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಮಾಡಿದ ಕಡೆಯೇ ಪ್ಯಾಕ್ ಮಾಡಿ ಇಟ್ಟು ಮಾರುವ ತಿಂಡಿಯ ಮೇಲೂ ಏನೇನು ಹಾಕಿದ್ದೀರಿ ಅಂತ ಪೂರ್ತಿ ಬರೆಯಬೇಕು, ಅಲರ್ಜಿ ಪದಾರ್ಥ ಎದ್ದು ಕಾಣಬೇಕು. ಸಂಕ್ರಾಂತಿಗೆ ಎಳ್ಳುಬೆಲ್ಲ ಪ್ಯಾಕ್ ಮಾಡಿ ಮಾರುವಾಗ ಆ ಮಗು ನಿಮಗೆ ನೆನಪಾಗಲಿ.

ತೆರಿಗೆ ವರ್ಷ ಅಲ್ಲಿ ಏಪ್ರಿಲ್ 6ಕ್ಕೆ ಶುರು. ವರ್ಷಕ್ಕೆ 1,000 ಪೌಂಡ್‌ಗಿಂತ ಜಾಸ್ತಿ ಬಂದರೆ, ಲಾಭ ಅಲ್ಲ, ಕೈಗೆ ಬಂದ ಒಟ್ಟು ದುಡ್ಡು, ಆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಲ್ಲೂ ನೋಂದಾಯಿಸಬೇಕು. ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಬೇಕು. ಮೊದಲ ವರ್ಷ ನನಗೆ ಕಟ್ಟುವ ತೆರಿಗೆ ಏನೂ ಇರಲಿಲ್ಲ, ಹಾಗಾಗಿ ಸುಮ್ನೆ ಇದ್ದೆ. 100 ಪೌಂಡ್ ದಂಡ ಬಿತ್ತು. ತೆರಿಗೆ ಇಲ್ಲದಿದ್ದರೂ ತಡವಾದರೆ ದಂಡ ಇದೆ.

ವ್ಯಾಪಾರ ಬೆಳೆದು ಸಹಾಯಕ್ಕೆ ಜನ ಬೇಕಾದಾಗ, ಸಕಲೇಶಪುರದ ಹುಡುಗ, ಗೊತ್ತಿರುವವರ ಮಗ ಅಂತ ಹಾಗೇ ಸೇರಿಸಿಕೊಳ್ಳಬೇಡಿ. ಅವನಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿದೆಯಾ ಅಂತ ಸರ್ಕಾರದ ವೆಬ್‌ಸೈಟ್‌ನಲ್ಲಿ ನೋಡಿ, ದಾಖಲೆ ಇಟ್ಟುಕೊಳ್ಳಿ. ಹಕ್ಕಿಲ್ಲದವನನ್ನು ಇಟ್ಟುಕೊಂಡರೆ ಮೊದಲ ಸಲಕ್ಕೇ ಒಬ್ಬನಿಗೆ 45,000 ಪೌಂಡ್‌ವರೆಗೂ ದಂಡ. ಕೆಲಸಗಾರರ ವಿಮೆಯೂ ಬೇಕು, ಅದಿಲ್ಲದೆ ನಡೆಸಿದರೆ ದಿನಕ್ಕೆ 2,500 ಪೌಂಡ್‌ವರೆಗೆ.

ಇನ್ನು ಸೂಟ್‌ಕೇಸ್. ಅಮ್ಮ ಕಾಯಿಸಿಕೊಟ್ಟ ತುಪ್ಪ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ನಿಮ್ಮ ಮನೆಗೆ ಬೇಕಾದಷ್ಟು ಚಿಕ್ಕಮಗಳೂರಿನ ಕಾಫಿಪುಡಿ ಒಯ್ಯಿರಿ. ಮಾರಲು ಒಯ್ಯುವುದಾದರೆ ಕಸ್ಟಮ್ಸ್‌ನಲ್ಲಿ ಹೇಳಿಯೇ ಒಯ್ಯಬೇಕು.