ನೂರು ಬಾವಿ ಬೇಡ, ಇಪ್ಪತ್ತು ಸಾಕು: ಪಡುಕೆರೆ–ಮಟ್ಟು ಉಪ್ಪುನೀರಿನ ಪ್ರಾಜೆಕ್ಟ್

ಬೇಸಿಗೆಯಲ್ಲಿ ಕಡಲತೀರದ ಬಾವಿಗಳಿಗೆ ಉಪ್ಪು ಹೇಗೆ ಬರುತ್ತದೆ ಎಂದು ಅಳೆಯಲು ಹೊರಟಾಗ, ಇಪ್ಪತ್ತು ಬಾವಿ ಇಟ್ಟುಕೊಂಡು ಏನು ಸಾಬೀತು ಮಾಡುತ್ತೀರಿ ಎಂದು ಕೇಳಿದವರೇ ಹೆಚ್ಚು. ಗ್ರಾಫ್ ನೋಡಿದ ಮೇಲೆ ಆ ಪ್ರಶ್ನೆ ನಿಂತುಹೋಗಿದೆ. ಪದವಿ ಮಕ್ಕಳನ್ನು ಕರೆದುಕೊಂಡು ಇಂಥದ್ದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಎಂದು ವಿಧಾನವನ್ನು ಬರೆದಿಡುತ್ತಿದ್ದೇನೆ.

ಉಡುಪಿಯ ಮಲ್ಪೆಯಿಂದ ದಕ್ಷಿಣಕ್ಕೆ ಪಡುಕೆರೆ, ಮಟ್ಟು ಕಡೆಗೆ ಹೋಗುವ ಪಟ್ಟಿಯಲ್ಲಿ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ಹೊಯಿಗೆ (ಮರಳು). ಇಲ್ಲಿ ಎಲ್ಲರೂ ಮಾಡುವುದು ಒಂದೇ ಕ್ರಮ: ಎರಡು ಮೂರು ದಿನದಲ್ಲಿ ನೂರು ಬಾವಿ ಮುಗಿಸಿ, ಬಣ್ಣದ ನಕ್ಷೆ ಮಾಡಿ ಅಂಟಿಸುವುದು. ಬೆಳಿಗ್ಗೆ ಏಳಕ್ಕೆ ನೋಡಿದ ಬಾವಿಯನ್ನೂ ಮಧ್ಯಾಹ್ನ ಪಂಪ್ ಓಡಿದ ಮೇಲೆ ನೋಡಿದ ಬಾವಿಯನ್ನೂ ಅಕ್ಕಪಕ್ಕ ಇಟ್ಟರೆ ಆ ನಕ್ಷೆಯಲ್ಲಿ ಕಾಣುವುದು ಮಕ್ಕಳು ಯಾವ ಹೊತ್ತಿಗೆ ಎಲ್ಲಿದ್ದರು ಎಂಬುದೇ ಹೊರತು ಉಪ್ಪು ಎಲ್ಲಿದೆ ಎಂಬುದಲ್ಲ.

ನಾವು ಕಡಲಿನಿಂದ ಹೊಳೆಯವರೆಗೆ ಅಡ್ಡಕ್ಕೆ ನಾಲ್ಕು ಸಾಲು ಹಾಕಿ, ಸಾಲಿಗೆ ಐದಾರರಂತೆ ಬಾವಿ ಆರಿಸಿದೆವು. ಜನವರಿಯಿಂದ ಮೊದಲ ದೊಡ್ಡ ಮಳೆಯವರೆಗೆ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಅವೇ ಬಾವಿಗಳ ಅಳತೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಹಾಗಾಗಿ ಮುಂಜಾನೆ ಪಂಪ್ ಹಾಕುವ ಮೊದಲೇ ಹೋದರೆ ಉಬ್ಬರ–ಇಳಿತದ ಸ್ಥಿತಿಯೂ ತಾನಾಗಿ ಹೊಂದಿಕೊಳ್ಳುತ್ತದೆ. ಕಾಲೇಜಿಗೆ ಅನುಕೂಲ ಎಂದು ಶನಿವಾರಕ್ಕೆ ಎಳೆದರೆ ಇದು ಕೆಡುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಜರುಗುತ್ತ ಹೋಗುವ ಉಬ್ಬರ ಶನಿವಾರವನ್ನು ಕಾಯುವುದಿಲ್ಲ. ಸಾಗರ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣದಲ್ಲಿ ಉಬ್ಬರದ ಮುನ್ಸೂಚನೆ ಸಿಗುತ್ತದೆ. ವೇಳಾಪಟ್ಟಿಯನ್ನು ಅದರ ಮೇಲೆ ಕಟ್ಟಿ, ರಜೆಯ ಅರ್ಜಿಗಳನ್ನು ಡಿಸೆಂಬರಿನಲ್ಲೇ ಕೊಟ್ಟುಬಿಡಬೇಕು.

ಬಾವಿ ಆರಿಸುವಾಗ ಮೂರು ವಿಷಯ ಕೇಳಿಕೊಳ್ಳಿ. ಬ್ಲೀಚಿಂಗ್ ಪೌಡರ್ ಯಾವಾಗ ಹಾಕಿದ್ದು? ಹಾಕಿ ವಾರವಾಗದಿದ್ದರೆ ಆ ಅಳತೆ ಲೆಕ್ಕಕ್ಕಿಲ್ಲ. ಪಂಪ್‌ನ ಫುಟ್‌ವಾಲ್ವ್ (ನೀರು ಎಳೆಯುವ ಪೈಪಿನ ತುದಿಯ ಕವಾಟ) ಎಷ್ಟು ಆಳದಲ್ಲಿದೆ? ಮಾರ್ಚಿನಿಂದ ಮೇ ಒಳಗೆ ಆ ಮನೆಯಲ್ಲಿ ದೈವದ ಕೋಲ, ಮದುವೆ, ಗೃಹಪ್ರವೇಶ ಇದೆಯೇ? ಇದ್ದರೆ ಹಿಂದಿನ ದಿನವಿಡೀ ಪಂಪ್ ಓಡಿ ಬಾವಿ ಕಲಕಿರುತ್ತದೆ.

ಮೀಟರ್ ವಿಷಯ. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಮುನ್ನೂರು ರೂಪಾಯಿಯ ಟಿಡಿಎಸ್ ಪೆನ್ನು ಬೇಡ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು (ಇಸಿ; ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚು), ಒಳಗೆ 0.5ರಿಂದಲೋ 0.7ರಿಂದಲೋ ಗುಣಿಸಿ ತೋರಿಸುತ್ತದೆ. ಎರಡು ಕಂಪನಿಯ ಪೆನ್ನುಗಳನ್ನು ಒಂದೇ ಲೋಟಕ್ಕೆ ಅದ್ದಿದರೆ ಎರಡು ಉತ್ತರ. ಎರಡು ಸಾವಿರದ ಆಸುಪಾಸಿನ ಇಸಿ ಪೆನ್ನು ಕೊಂಡು, ಹೊರಡುವ ಮುನ್ನ 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಸರಿಪಡಿಸಿ, ವಾಹಕತೆಯನ್ನೇ ಬರೆದುಕೊಳ್ಳಿ. ತಳದ ಅಳತೆಗೆ 12.88 ಮಿಲಿಸೀಮೆನ್ಸ್ ದ್ರಾವಣವೂ ಬೇಕು.

ತಳದ ಅಳತೆ ಏಕೆಂದರೆ ಹೊಯಿಗೆ ಬಾವಿಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಕೊಡದಲ್ಲಿ ಎತ್ತಿದ ನೀರು ಮೇಲಿನದ್ದನ್ನಷ್ಟೇ ಹೇಳುತ್ತದೆ. ಅರ್ಧ ಲೀಟರ್ ಬಾಟಲಿಗೆ ಬಲೆಯ ಸೀಸದ ಗುಂಡು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿ, ಬೇಕಾದ ಆಳಕ್ಕೆ ಇಳಿಸಿದ ಮೇಲೆ ಎಳೆಯಬೇಕು. ಬಿರಡೆಯ ಗಂಟು ಹಾಕುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ; ಅದು ನಮ್ಮ ಮಕ್ಕಳ ಆಸ್ತಿ. ಮೇಲಿನ ನೀರು ಬದಲಾಗುವ ಮುನ್ನವೇ ತಳದ ಇಸಿ ಏರತೊಡಗುತ್ತದೆ. ನಮ್ಮ ಇಡೀ ವರದಿ ನಿಂತಿರುವುದು ಈ ಅಂತರದ ಮೇಲೆ. ಒಂದೇ ಸಲ ಎಷ್ಟು ಬಾವಿ ನೋಡಿದರೂ ಇದು ಸಿಗುವುದಿಲ್ಲ.

ಹೆಚ್ಚು ಹಣ ಸೋರುವುದು ಕ್ಲೋರೈಡ್ ಪರೀಕ್ಷೆಯಲ್ಲಿ. ಕ್ಲೋರೈಡ್ ಎಂದರೆ ಉಪ್ಪಿನ ಮುಖ್ಯ ಅಂಶ; ಮಾದರಿಗೆ ಕ್ರೋಮೇಟ್ ಸೇರಿಸಿ, ಇಟ್ಟಿಗೆ ಕೆಂಪು ಬರುವವರೆಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅದನ್ನು ಅಳೆಯುವುದೇ ಟೈಟ್ರೇಶನ್. ಸಿಲ್ವರ್ ನೈಟ್ರೇಟ್ 25 ಗ್ರಾಂ ಡಬ್ಬಿ ನಮಗೆ ಐದು ಸಾವಿರದ ಹತ್ತಿರ ಬಿತ್ತು. ಲೀಟರಿಗೆ 2.395 ಗ್ರಾಂ ಹಾಕಿದ 0.0141 ನಾರ್ಮಲ್ ದ್ರಾವಣ 1 ಮಿ.ಲೀ. ಅಂದರೆ 0.5 ಮಿ.ಗ್ರಾಂ ಕ್ಲೋರೈಡ್. ಪುಸ್ತಕದಲ್ಲಿದ್ದಂತೆ 50 ಮಿ.ಲೀ. ಮಾದರಿ ತೆಗೆದುಕೊಂಡರೆ, ಲೀಟರಿಗೆ 1000 ಮಿ.ಗ್ರಾಂ ಇರುವ ನೀರಿಗೆ 100 ಮಿ.ಲೀ. ದ್ರಾವಣ ಖರ್ಚು. ಮಾದರಿ 5 ಮಿ.ಲೀ. ಮಾತ್ರ ತೆಗೆದು ಡಿಸ್ಟಿಲ್ಡ್ ನೀರಿನಲ್ಲಿ 50ಕ್ಕೆ ಏರಿಸಿದರೆ ಹತ್ತೇ ಮಿ.ಲೀ. ಸಾಕು. ಪರೀಕ್ಷೆಗೆ ಹಾಕಿದವುಗಳಲ್ಲಿ ಇಸಿ 1500 ಮೈಕ್ರೋಸೀಮೆನ್ಸ್ ದಾಟಿದ ಎಲ್ಲಕ್ಕೂ ಹೀಗೇ ಮಾಡಿದೆವು. ಎಲ್ಲ ಮಾದರಿಗೂ ಟೈಟ್ರೇಶನ್ ಬೇಡ. ನಾಲ್ಕಕ್ಕೊಂದು ಮಾಡಿ, ಇಸಿ ಮತ್ತು ಕ್ಲೋರೈಡ್ ನಡುವೆ ಗೆರೆ ಎಳೆದರೆ ಉಳಿದದ್ದನ್ನು ಅದರಿಂದಲೇ ಓದಬಹುದು. ಒಂದೇ ಡಬ್ಬಿಯಲ್ಲಿ ಇಡೀ ಬೇಸಿಗೆ ಮುಗಿದು ಮೂರನೇ ಒಂದರಷ್ಟು ಉಳಿಯಿತು.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಡೆಯ ಬಾವಿಗಳಲ್ಲಿ ಇಟ್ಟಿಗೆ ಕೆಂಪು ಸರಿಯಾಗಿ ಬರದೆ ಮಕ್ಕಳು ಗೊಂದಲಪಡುತ್ತಾರೆ. ನೀರು ಹುಳಿ, ಪಿಎಚ್ ಎಷ್ಟೋ ಕಡೆ 6.5ರ ಕೆಳಗೆ, ಈ ಪರೀಕ್ಷೆಗೆ 7ರಿಂದ 10 ಬೇಕು. ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ, ಪಿಎಚ್ ನೋಡಿಕೊಂಡು ಮುಂದುವರಿಯಿರಿ. ಕ್ರೋಮೇಟ್ ಸೇರಿದ ಉಳಿಕೆ ನೀರನ್ನು ಸಿಂಕಿಗೆ ಸುರಿಯದೆ ಕ್ಯಾನಿನಲ್ಲಿ ಕೂಡಿಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನೀರಿನ ಮಟ್ಟಕ್ಕೆ ಸ್ಟೀಲ್ ಟೇಪ್, ಬಾವಿಕಟ್ಟೆಯ ಮೇಲೆ ಒಂದೇ ಗುರುತು. ಬಟ್ಟೆ ಟೇಪ್ ನೆನೆದರೆ ಅದರ ಉದ್ದವೇ ಬದಲಾಗುತ್ತದೆ. ಫೋನಿನ ಜಿಪಿಎಸ್ ತೋರಿಸುವ ಎತ್ತರವನ್ನು ಬರೆಯಲೇಬೇಡಿ. ನೆಲವೇ ಕಡಲಿನಿಂದ ಎರಡು ಮೂರು ಮೀಟರ್ ಮೇಲಿರುವ ಕಡೆ ಅಷ್ಟೋ ಅದಕ್ಕಿಂತ ಹೆಚ್ಚೋ ತಪ್ಪು ಅದರಲ್ಲಿರುತ್ತದೆ. ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಒಂದು ಸಾಲನ್ನು ಬಾವಿಯಿಂದ ಬಾವಿಗೆ ಅಳೆದೆವು. ಇದು ಪ್ರಾಜೆಕ್ಟಿನ ಭಾಗವಾಗಿರಲಿಲ್ಲ, ಕುತೂಹಲಕ್ಕೆ ಮಾಡಿದ್ದು. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಿದ್ದರೆ ಸಾಲು ಮುಗಿಸಿ ಹಿಂದಿರುಗುವಾಗ ವ್ಯತ್ಯಾಸ ಎರಡು ಸೆಂ.ಮೀ. ಒಳಗೇ ಬರುತ್ತದೆ. ನೀರು ಯಾವ ಕಡೆಗೆ ವಾಲುತ್ತದೆ ಎಂದು ಹೇಳಲು ಅಷ್ಟು ಬೇಕಾದಷ್ಟಾಯಿತು. ಮುಂದಿನ ಸಲ ನಾಲ್ಕೂ ಸಾಲಿಗೆ ಮಾಡಿಸುವುದೇ.

ಪ್ರಶ್ನಾವಳಿಯಲ್ಲಿ "ನಿಮ್ಮ ಬಾವಿ ನೀರು ಉಪ್ಪೇ?" ಎಂದು ಕೇಳಬೇಡಿ. ಮನೆಯ ಬಾವಿಯನ್ನು ಬೇರೆಯವರೆದುರು ಯಾರೂ ಕೆಟ್ಟದ್ದು ಎನ್ನುವುದಿಲ್ಲ. ತುಳುವಿನಲ್ಲಿ "ಚಾಯಗ್ ಓಲ್ತ ನೀರ್?" (ಚಹಕ್ಕೆ ಎಲ್ಲಿಯ ನೀರು?) ಎಂದರೆ ಉತ್ತರ ತಕ್ಷಣ ಬರುತ್ತದೆ. ಗಂಜಿಗೆ, ಚಹಕ್ಕೆ, ಬಟ್ಟೆಗೆ ಬೇರೆ ಬೇರೆ ಮೂಲವಿದ್ದರೆ ಮೀಟರ್ ಹಾಕುವ ಮೊದಲೇ ವಿಷಯ ಗೊತ್ತಾಯಿತು. ತುಳು ಗೊತ್ತಿರುವ ಒಬ್ಬರು ಪ್ರತಿ ತಂಡದಲ್ಲಿರಲಿ. ಕೊಂಕಣಿ, ಬ್ಯಾರಿ ಮನೆಗಳಿಗೆ ಆ ಭಾಷೆಯ ಮಕ್ಕಳೇ ಹೋದರೆ ಇನ್ನೂ ಒಳ್ಳೆಯದು. ಮಟ್ಟುಗುಳ್ಳ ಬದನೆ ಬೆಳೆಯುವ ರೈತರಿಗೆ ಯಾವ ಗದ್ದೆಗೆ ಯಾವ ತಿಂಗಳಲ್ಲಿ ಉಪ್ಪು ಬರುತ್ತದೆ ಎಂಬುದು ಬಾಯಿಪಾಠ. ಸಾಲು ಎಲ್ಲಿ ಹಾಕಬೇಕೆಂದು ಅವರನ್ನು ಕೇಳಿಯೇ ನಿರ್ಧರಿಸಿ. ಉಪ್ಪುನೀರು ಮೇಲೇರದಂತೆ ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ದಿನ, ತೆಗೆದ ದಿನ ಎರಡನ್ನೂ ಅವರಿಂದಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಹೊಳೆಬದಿಯ ಬಾವಿಗಳ ಏರಿಳಿತಕ್ಕೆ ಕಾರಣ ಹುಡುಕುತ್ತ ಕೂರಬೇಕಾಗುತ್ತದೆ.

ಅಪರಿಚಿತರು ಬಾವಿಗೆ ಬಗ್ಗಿ ನೋಡಿದರೆ ತೆರಿಗೆಯವರೋ ಬಾವಿ ಮುಚ್ಚಿಸುವವರೋ ಎಂಬ ಅನುಮಾನ ಸಹಜ. ಕಾಲೇಜಿನ ಪತ್ರ, ಪಂಚಾಯತ್‌ಗೆ ಮುಂಚಿತ ಮಾಹಿತಿ ಎರಡೂ ಬೇಕು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮನೆಗೊಂದು ರಟ್ಟಿನ ಕಾರ್ಡು. ಪ್ರತಿ ಭೇಟಿಯ ಅಳತೆಯನ್ನು ಅಲ್ಲೇ ಬರೆದು ಅವರ ಕೈಗೆ ಕೊಡುವುದು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1000ದವರೆಗೆ ಎಂಬ ಭಾರತೀಯ ಮಾನಕದ ಮಿತಿಯನ್ನು ಮೇಲೆ ಅಚ್ಚು ಹಾಕಿಸಿ. ಏಪ್ರಿಲ್ ಹೊತ್ತಿಗೆ ಕೆಲವು ಮನೆಯವರು ಕಾರ್ಡು ನೋಡಿ ಫುಟ್‌ವಾಲ್ವನ್ನು ಒಂದಡಿ ಮೇಲೆತ್ತಿಸಿದರು. ಆ ತಾರೀಕನ್ನೂ ಕಾರ್ಡಿನಲ್ಲಿ ಬರೆದುಕೊಂಡು, ಅಲ್ಲಿಂದ ಮುಂದಿನ ಅಳತೆಗಳನ್ನು ಗ್ರಾಫಿನಲ್ಲಿ ಬೇರೆ ಬಣ್ಣದಲ್ಲಿ ಹಾಕಿದ್ದೇವೆ.